ಮೊದಲ ಬೈಕೇ ಡ್ಯೂಕ್ 390 ಬೇಡ

ಬದಿಯಡ್ಕದಿಂದ ದಿನಾ ಕಾಸರಗೋಡಿಗೆ ಹೋಗಿಬರಲು ಕೆಟಿಎಂ ಕಂಪನಿಯ ಹಳೆಯ ಡ್ಯೂಕ್ 390 ಬೈಕು ಆಗಬಹುದೇ, ಲೈಸೆನ್ಸ್ ಸಿಕ್ಕಿ ತಿಂಗಳಾಯಿತಷ್ಟೆ ಎಂದು ಕೇಳಿದ್ದೀರಿ. ಬೇಡ. 373 ಸಿಸಿ ಎಂಜಿನ್, 43 ಪಿಎಸ್ (ಅಶ್ವಶಕ್ತಿ). 100 ಸಿಸಿ ಬೈಕಿನ ಐದು ಪಟ್ಟು ಶಕ್ತಿ.

ತೊಂದರೆ ಟಾಪ್ ಸ್ಪೀಡಿನದ್ದಲ್ಲ. ಹೊಂಡಕ್ಕೆ ಬಿದ್ದಾಗ ಮೈ ಹಿಂದಕ್ಕೆ ವಾಲಿ ಬಲಗೈ ತಾನಾಗಿ ಎಕ್ಸಲರೇಟರ್ ತಿರುಚಿಬಿಡಬಹುದು. ಸಣ್ಣ ಬೈಕು ಬರೀ ಬೊಬ್ಬೆ ಹಾಕುತ್ತದೆ. ಇದು ಎದುರಿನ ಬಸ್ಸಿನಡಿಗೇ ಒಯ್ದೀತು. ಮಳೆಗಾಲದ ತಿರುವಿನಲ್ಲಿ ಮುರಕಲ್ಲಿನ ಕೆಂಪು ಕೆಸರಿದ್ದರಂತೂ ಎಕ್ಸಲರೇಟರ್ ತುಸು ಹೆಚ್ಚಾದರೂ ಹಿಂದಿನ ಚಕ್ರ ಜಾರಿತೆಂದೇ ಲೆಕ್ಕ. ಎಬಿಎಸ್ ಉಂಟಲ್ಲ ಅನ್ನಬೇಡಿ, ಅದು ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದಕ್ಕೆ ಮಾತ್ರ.

ಸೆಕೆಂಡ್ ಹ್ಯಾಂಡ್ 150 ಸಿಸಿ ತೆಗೆದುಕೊಂಡು ಒಂದು ಮಳೆಗಾಲ ಓಡಿಸಿ. ಖಾಲಿ ಮೈದಾನದಲ್ಲಿ 40ರ ವೇಗದಿಂದ ಎರಡೂ ಬ್ರೇಕು ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು ಕಲಿಯಿರಿ. ಮುಂದಿನ ಚಕ್ರದ ಬ್ರೇಕನ್ನು ಮೆಲ್ಲನೆ ಹಿಂಡುತ್ತಾ ಹೋಗಬೇಕು, ಒಮ್ಮೆಲೇ ಎಳೆಯಬಾರದು. ಉಳಿದ ದುಡ್ಡಿಗೆ ಒಳ್ಳೆಯ ಹೆಲ್ಮೆಟ್, ಗ್ಲೌಸ್ ಬರುತ್ತದೆ.