ಪಲ್ಲವಿ ಕೇಳಿದರೆ ಸಾಕಾ?

ಪ್ರಶ್ನೆ: ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯುಎಸ್‌ಎ’ ದೇಶಭಕ್ತಿಯ ಹಾಡು ಅಂದುಕೊಂಡಿದ್ದೆ. ಈಚೆಗೆ ಅವರೇ ಗಿಟಾರ್ ಹಿಡಿದು ಒಬ್ಬರೇ ಹಾಡಿದ ರೆಕಾರ್ಡಿಂಗ್ ಕೇಳಿದೆ. ಎದೆ ಭಾರವಾಯಿತು. ಇವೆರಡರಲ್ಲಿ ಯಾವುದು ಅಸಲಿ?

ಉತ್ತರ: ಎರಡೂ ಅಸಲಿಯೇ. ಮಾತುಗಳೂ ಹೆಚ್ಚುಕಡಿಮೆ ಅವೇ. ಊರಲ್ಲಿ ಏನೋ ತಂಟೆ ಮಾಡಿಕೊಂಡ ಹುಡುಗನ ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸವಿಲ್ಲ. ವಿಯೆಟ್ನಾಂನ ಖೇ ಸಾನ್‌ನಲ್ಲಿ ಕಾದಾಡಿದ ಅಣ್ಣ ಈಗಿಲ್ಲ. ಇದೆಲ್ಲ ಇರುವುದು ಚರಣಗಳಲ್ಲಿ. 1984ರ ಆಲ್ಬಂನಲ್ಲಿ ಡ್ರಮ್ಸು, ಸಿಂಥಸೈಜರ್ ಎಷ್ಟು ಜೋರಾಗಿವೆ ಅಂದರೆ ಜನ ‘ಅಮೆರಿಕದಲ್ಲಿ ಹುಟ್ಟಿದವನು’ ಎಂಬ ಪಲ್ಲವಿಯನ್ನಷ್ಟೇ ಎತ್ತಿಕೊಂಡು, ಬಾವುಟ ಬೀಸಿ, ಉಳಿದದ್ದನ್ನು ಬಿಟ್ಟೇಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಚುನಾವಣಾ ಭಾಷಣ ಮಾಡುತ್ತಾ, ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದರು. ಕೆಲಸ ಸಿಗದ ಸೈನಿಕನಿಗೆ ಯಾವ ಭರವಸೆ?

ನೀವು ಕೇಳಿದ್ದು 1998ರ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿರುವ ರೆಕಾರ್ಡಿಂಗ್ ಇರಬೇಕು. ಅದು ಆಲ್ಬಂಗಿಂತ ಮೊದಲಿನದು. 1982ರ ಜನವರಿಯಲ್ಲಿ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಾಡಿಕೊಂಡದ್ದು. ಆಗ ಹಾಡಿದ ಹಾಡುಗಳಲ್ಲೇ ಬಹುಪಾಲು ‘ನೆಬ್ರಾಸ್ಕಾ’ ಆಲ್ಬಂ ಆಯಿತು. ಆ ಹಾಡುಗಳನ್ನು ಬ್ಯಾಂಡ್ ಜೊತೆ ಮತ್ತೆ ಹಾಡಿ ನೋಡಿದರು, ಆ ಗುಣ ಬರಲಿಲ್ಲ, ಕೊನೆಗೆ ಕ್ಯಾಸೆಟ್ಟಿನದನ್ನೇ ಹೊರತಂದರು. ಸರಿಯಾಗೇ ಮಾಡಿದರು.

ಇಂಥ ರೆಕಾರ್ಡಿಂಗಿನಲ್ಲಿ ಎಲ್ಲಿ ಕುಣಿಯಬೇಕು ಅಂತ ಹೇಳಿಕೊಡಲು ಡ್ರಮ್ಸ್ ಇಲ್ಲ. ಸಾಲು ಮುಗಿದ ಮೇಲೆ ಒಂದಿಷ್ಟು ಬಿಡುವಿದೆ, ಹಾಡುವವನ ಉಸಿರಿದೆ, ಕೇಳಿದ್ದು ಒಳಗೆ ಇಳಿಯುವಷ್ಟು ಹೊತ್ತಿದೆ. ಹಾಗಾಗಿ ಪಲ್ಲವಿ ಬರುವಾಗ ಚರಣ ಇನ್ನೂ ಕಿವಿಯಲ್ಲೇ ಇರುತ್ತದೆ. ಈಗ ಹೋಗಿ ಅಬ್ಬರದ ಹಾಡನ್ನು ಮತ್ತೆ ಕೇಳಿ. ಅದರಲ್ಲೂ ಸಂಭ್ರಮವಿಲ್ಲ, ಸಿಟ್ಟಿದೆ. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾರೆ, ಅಲ್ವಾ?

ಪ್ರಶ್ನೆ: ಹಾಗಾದರೆ ಪ್ರತಿಭಟನೆಯ ಹಾಡನ್ನು ಬರೀ ಗಿಟಾರ್ ಜೊತೆ ಹಾಡಿದರೆ ತಪ್ಪು ತಿಳಿಯುವುದಿಲ್ಲವೇ?

ಉತ್ತರ: ಹಾಗೇನಿಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗಥ್ರಿ ‘ಗಾಡ್ ಬ್ಲೆಸ್ ಅಮೆರಿಕಾ’ ಎಂಬ ದೇಶಭಕ್ತಿಗೀತೆ ಕೇಳಿ ಕೇಳಿ ರೋಸಿಹೋಗಿ, 1940ರಲ್ಲಿ ಉತ್ತರವಾಗಿ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ (ಈ ನೆಲ ನಿನ್ನದು) ಬರೆದರು. ಹಾಡುವುದಕ್ಕೆ ಒಂದು ಗಿಟಾರ್ ಸಾಕು. ಆದರೂ ಅದು ಶಾಲಾ ಮಕ್ಕಳ ಮುದ್ದಾದ ನಾಡಗೀತೆಯಾಗಿಬಿಟ್ಟಿತು. ಯಾಕೆಂದರೆ ಖಾಸಗಿ ಆಸ್ತಿ ಎಂಬ ಬೋರ್ಡಿನ ಬಗ್ಗೆ, ಹಸಿದು, ಬಡವರಿಗೆ ನೆರವು ಕೊಡುವ ಪರಿಹಾರ ಕಚೇರಿಯ ಮುಂದೆ ನಿಂತವರ ಬಗ್ಗೆ ಇದ್ದ ಚರಣಗಳನ್ನು ಜಾಸ್ತಿ ಜನ ಹಾಡಲೇ ಇಲ್ಲ. ವಾದ್ಯಗಳ ಗದ್ದಲದಲ್ಲಿ ಮುಳುಗಿದ ಚರಣವನ್ನು ಹುಡುಕಿ ತೆಗೆಯಬಹುದು, ಕತ್ತರಿಸಿ ಹಾಕಿದ್ದನ್ನು ಎಲ್ಲಿ ಹುಡುಕುವುದು? ಬೋರ್ಡಿನ ಚರಣವಿರುವ 1944ರ ಗಥ್ರಿ ರೆಕಾರ್ಡಿಂಗ್ ಹೊರಬರಲು ದಶಕಗಳೇ ಬೇಕಾದವು. 2009ರ ಜನವರಿಯಲ್ಲಿ ಒಬಾಮ ಪದಗ್ರಹಣದ ಕಾರ್ಯಕ್ರಮದಲ್ಲಿ ಜನಪದ ಗಾಯಕ ಪೀಟ್ ಸೀಗರ್ ಮತ್ತು ಸ್ಪ್ರಿಂಗ್‌ಸ್ಟೀನ್ ಲಿಂಕನ್ ಸ್ಮಾರಕದ ಮುಂದೆ ಆ ಚರಣಗಳನ್ನೂ ಸೇರಿಸಿ ಹಾಡಿದರು. ಎರಡನ್ನೂ ಕೇಳಿ, ಮೊದಲು ಗಥ್ರಿಯದು.