ಬೂಸ್ಟರ್ ಬೇಡ, ಮೊದಲು ರಿಸೀವರ್‌ನ ಆಂಟೆನಾ ನೋಡಿ

ಸುಮಾರು 400 ಮೀಟರ್ ದೂರದಲ್ಲಿ ನಿಮ್ಮ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ತಿರುಗುವಾಗ ಸಿಗ್ನಲ್ ಹೋಗುತ್ತದೆ, 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್‌ಗೆ 2 ವ್ಯಾಟ್‌ನ ಬೂಸ್ಟರ್ (ಸಿಗ್ನಲ್‌ನ ಶಕ್ತಿ ಹೆಚ್ಚಿಸುವ ಸಾಧನ) ಹಾಕಲೇ ಅಂತ ಕೇಳಿದ್ದೀರಿ. ಹಾಕಬೇಡಿ. ನನ್ನ ಫೋಮ್ ಗ್ಲೈಡರ್‌ನಲ್ಲೂ ಇದೇ ಲಕ್ಷಣ ಇತ್ತು. ದೂರ ಹೋಗುವಾಗ ಸರಿ, ಹತ್ತಿರ ಬರುವಾಗ ಸರಿ, ಅಡ್ಡ ತಿರುಗಿದಾಗ ಮಾತ್ರ ಕೈಕೊಡುತ್ತಿತ್ತು. ಶಕ್ತಿ ಸಾಲದಿದ್ದರೆ ಅಷ್ಟು ದೂರದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿದರೂ ಸಾಲಬಾರದು. ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಹೋಗುತ್ತದೆ ಎಂದರೆ ತೊಂದರೆ ಇರುವುದು ನಿಮ್ಮ ಕೈಯಲ್ಲಲ್ಲ, ವಿಮಾನದೊಳಗೆ.

ಗ್ಲೈಡರ್‌ನಲ್ಲಿ ರಿಸೀವರ್‌ನ (ವಿಮಾನದೊಳಗೆ ಸಿಗ್ನಲ್ ಹಿಡಿಯುವ ಸಾಧನ) ಎರಡೂ ಆಂಟೆನಾ ರೆಕ್ಕೆಯೊಳಗಿನ ಕಾರ್ಬನ್ ಕೊಳವೆಗೆ ಉದ್ದಕ್ಕೆ ಟೇಪ್ ಹಾಕಿ ಅಂಟಿಸಿದ್ದವು. ನೋಡಲು ಬಹಳ ಅಚ್ಚುಕಟ್ಟು. ವಿಮಾನ ಕೈತಪ್ಪಿದ್ದು ಇದರಿಂದಲೇ, ಆದ್ದರಿಂದ ಇದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲುಭಾಗ 31 ಮಿಲಿಮೀಟರ್. ರಿಸೀವರ್‌ನಿಂದ ಹೊರಡುವ ಬೂದು ಅಥವಾ ಕಪ್ಪು ಕೇಬಲ್ ಎಷ್ಟೇ ಉದ್ದ ಇರಲಿ, ಅದು ಆಂಟೆನಾ ಅಲ್ಲ, ಸಿಗ್ನಲ್ ತರುವ ದಾರಿ ಅಷ್ಟೆ. ತುದಿಯಲ್ಲಿ ಹೊರಗವಚ ಸುಲಿದು ತೆಳ್ಳಗೆ ಕಾಣುವ ಆ 31 ಮಿಲಿಮೀಟರ್ ಮಾತ್ರ ಆಂಟೆನಾ. ಆ ಚೂರು ಎಲ್ಲಿದೆ, ಯಾವ ದಿಕ್ಕಿಗಿದೆ ಎನ್ನುವುದೇ ಮುಖ್ಯ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಆ ಚೂರನ್ನು ಅದಕ್ಕೆ ಒತ್ತಿ ಅಂಟಿಸಿದರೆ ಆಂಟೆನಾದ ಶ್ರುತಿ ತಪ್ಪುತ್ತದೆ, ಜೊತೆಗೆ ಒಂದು ಬದಿಗೆ ಮರೆಯೂ ಆಗುತ್ತದೆ.

ಎರಡನೆಯ ತೊಂದರೆ ದಿಕ್ಕಿನದು. ನೇರ ತಂತಿಯ ಆಂಟೆನಾ ಸಿಗ್ನಲ್ ಹಿಡಿಯುವ ಪ್ರದೇಶ ಕಡ್ಡಿಗೆ ತೂರಿಸಿದ ಸೈಕಲ್ ಟ್ಯೂಬಿನಂತೆ ಇರುತ್ತದೆ: ಸುತ್ತಲೂ ಚೆನ್ನಾಗಿ, ಕಡ್ಡಿಯ ತುದಿಯ ನೇರಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ವಿಮಾನ ನಿಮ್ಮಿಂದ ದೂರ ಹೋಗುವಾಗ ರೆಕ್ಕೆ ನಿಮಗೆ ಅಡ್ಡವಾಗಿರುತ್ತದೆ, ಆಂಟೆನಾದ ಮಗ್ಗುಲು ನಿಮಗೆ ಕಾಣುತ್ತದೆ. ತಿರುವಿನಲ್ಲಿ ರೆಕ್ಕೆಯ ತುದಿ ನಿಮ್ಮ ಕಡೆಗೆ ಬರುತ್ತದೆ, ಆಂಟೆನಾದ ತುದಿಯೂ ಅದೇ ಕಡೆಗೆ. ರಿಸೀವರ್‌ಗೆ ಎರಡು ಆಂಟೆನಾ ಕೊಡುವುದೇ ಒಂದಕ್ಕೆ ಕಾಣದಾಗ ಇನ್ನೊಂದು ಹಿಡಿಯಲಿ ಅಂತ. ಎರಡನ್ನೂ ಸಮಾನಾಂತರ ಇಟ್ಟರೆ ಎರಡೂ ಒಟ್ಟಿಗೇ ಕುರುಡಾಗುತ್ತವೆ. ನಿಮ್ಮ ವಿಮಾನ ಬಿಚ್ಚಿದರೂ ಇಂಥದ್ದೇ ಏನೋ ಸಿಗುತ್ತದೆ ಎಂಬುದು ನನ್ನ ಬಲವಾದ ಅನುಮಾನ.

ಸರಿಪಡಿಸುವುದು ಹೀಗೆ. ಆ 31 ಮಿಲಿಮೀಟರ್ ತುದಿಗಳನ್ನು ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ ನೆಟ್ಟಗೆ ನಿಲ್ಲಿಸಿ, ಒಂದು ಲಂಬವಾಗಿ, ಇನ್ನೊಂದು ಅದಕ್ಕೆ 90 ಡಿಗ್ರಿಯಲ್ಲಿ ಅಡ್ಡವಾಗಿ. ಬ್ಯಾಟರಿ, ಮೋಟಾರ್ ತಂತಿ, ಸ್ಪೀಡ್ ಕಂಟ್ರೋಲರ್ (ಮೋಟಾರಿನ ವೇಗ ನಿಯಂತ್ರಿಸುವ ಭಾಗ), ಕಾರ್ಬನ್, ಇವುಗಳಿಂದ ಕನಿಷ್ಠ 2–3 ಸೆಂಟಿಮೀಟರ್ ದೂರ ಇರಲಿ, ಜಾಗ ಇದ್ದರೆ ಇನ್ನೂ ಹೆಚ್ಚು. ಒಡಲೇ ಕಾರ್ಬನ್ ಆಗಿದ್ದರೆ ತುದಿಗಳು ಹೊರಗೆ ಬರಲೇಬೇಕು. ಕೇಬಲ್ ಬಾಗಿಸಬಹುದು, ಮಡಚಿ ಗೆರೆ ಬೀಳಿಸಬಾರದು. ತುದಿ ತುಂಡಾಗಿದ್ದರೆ ಇಡೀ ಆಂಟೆನಾ ಬದಲಿಸಿ. ರಿಸೀವರ್ ಬೋರ್ಡಿನ ಮೇಲೆ ಗುಂಡಿಯಂತೆ ಒತ್ತಿ ಕೂರಿಸುವ ಪುಟ್ಟ ಕನೆಕ್ಟರನ್ನೂ ನೋಡಿ. ಜೋರಾಗಿ ನೆಲಕ್ಕೆ ಬಡಿದರೆ ಅದು ಅರ್ಧ ಎದ್ದಿರುತ್ತದೆ, ಕಣ್ಣಿಗೆ ಕೂತಂತೆಯೇ ಕಾಣುತ್ತದೆ. ಒತ್ತಿ ಕೂರಿಸಿ, ಅಲುಗದಂತೆ ಮೇಲೊಂದು ಹನಿ ಹಾಟ್ ಗ್ಲೂ ಹಾಕಿ.

ನಿಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ಗೂ ಇದೇ ನಿಯಮ. ಆಂಟೆನಾದ ತುದಿಯನ್ನು ವಿಮಾನದ ಕಡೆ ಗುರಿ ಹಿಡಿಯಬೇಡಿ, ಮಗ್ಗುಲು ತೋರಿಸಿ. ವಿಮಾನಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ನೀರು ತುಂಬಿದ ನಮ್ಮ ದೇಹ ಈ ತರಂಗವನ್ನು ಚೆನ್ನಾಗಿ ಹೀರುತ್ತದೆ. ಎತ್ತರವನ್ನೂ ಗಮನಿಸಿ. 1 ಕಿಲೋಮೀಟರ್ ದೂರಕ್ಕೆ ಈ ಸಿಗ್ನಲ್ ಗೆರೆಯಂತೆ ಹೋಗುವುದಿಲ್ಲ, ನಡುವೆ ಸುಮಾರು 5.6 ಮೀಟರ್ ತ್ರಿಜ್ಯದಷ್ಟು ಉಬ್ಬಿಕೊಂಡು ಹೋಗುತ್ತದೆ. ಅದರಲ್ಲಿ ಕನಿಷ್ಠ 60 ಶೇಕಡಾ, ಅಂದರೆ 3.4 ಮೀಟರ್, ನೆಲಕ್ಕೂ ಗಿಡಮರಕ್ಕೂ ತಾಗದೆ ಖಾಲಿ ಇರಬೇಕು. ದೂರದಲ್ಲಿ ತೀರಾ ತಗ್ಗಿನಲ್ಲಿ ಹಾರಿಸಿದರೆ ಎಷ್ಟು ವ್ಯಾಟ್ ಇದ್ದರೂ ಕಷ್ಟ, 20 ಮೀಟರ್ ಮೇಲಕ್ಕೇರಿಸಿದರೆ ಇದ್ದ ಶಕ್ತಿಯೇ ಸಾಕಾಗುತ್ತದೆ.

ಬೂಸ್ಟರ್ ಬೇಡ ಅನ್ನಲು ಲೆಕ್ಕವೂ ಇದೆ. ದೂರ ಇಮ್ಮಡಿಯಾಗಲು ಶಕ್ತಿ ನಾಲ್ಕು ಪಟ್ಟಾಗಬೇಕು. 100 ಮಿಲಿವ್ಯಾಟ್‌ನಿಂದ 2 ವ್ಯಾಟ್‌ಗೆ ಹೋದರೆ ಸಿಗುವುದು 13 ಡೆಸಿಬೆಲ್ (ಶಕ್ತಿ ಎಷ್ಟು ಪಟ್ಟು ಎಂದು ಅಳೆಯುವ ಮಾನ), ಕಾಗದದ ಮೇಲೆ 4.5 ಪಟ್ಟು ದೂರ. ಕೇಳಲು ಚೆಂದ. ಆದರೆ ಕೆಟ್ಟ ಜಾಗದಲ್ಲಿರುವ ಆಂಟೆನಾ 20 ಡೆಸಿಬೆಲ್ಲನ್ನೂ ನುಂಗಬಲ್ಲದು. ವಿಮಾನದಿಂದ ಮರಳಿ ಬರುವ ಟೆಲಿಮೆಟ್ರಿ (ಸಿಗ್ನಲ್ ಮಟ್ಟದಂಥ ಮಾಹಿತಿ) ಸಣ್ಣ ಶಕ್ತಿಯಲ್ಲೇ ಉಳಿಯುತ್ತದೆ, ಒಮ್ಮುಖ ಬೂಸ್ಟರ್ ಅಂತೂ ಅದನ್ನು ತಡೆದೇಬಿಡುತ್ತದೆ. ಅಗ್ಗದ ಬೂಸ್ಟರ್ ಬೇಡದ ಆವರ್ತನಗಳಲ್ಲೂ ಗದ್ದಲ ಎಬ್ಬಿಸಿ ಪಕ್ಕದವರ ವಿಮಾನಕ್ಕೆ ಅಪಾಯ ತರುತ್ತದೆ. ಕಾನೂನಿನ ಮಿತಿಯೂ ಇದೆ: ಯುರೋಪಿನಲ್ಲಿ ಈ ಬ್ಯಾಂಡಿಗೆ ಆಂಟೆನಾದ ಗಳಿಕೆಯೂ (ಒಂದು ದಿಕ್ಕಿಗೆ ಸಿಗ್ನಲನ್ನು ಒಟ್ಟುಗೂಡಿಸುವುದರಿಂದ ಸಿಗುವ ಬಲ) ಸೇರಿ 100 ಮಿಲಿವ್ಯಾಟ್. ನಿಮ್ಮಲ್ಲಿ ಎಷ್ಟೆಂದು ನೋಡಿಕೊಂಡೇ ಮುಂದುವರಿಯಿರಿ.

ಆಂಟೆನಾ ಎಲ್ಲ ಸರಿಮಾಡಿದ ಮೇಲೂ ದೂರ ಸಾಲದಿದ್ದರೆ ವ್ಯವಸ್ಥೆಯನ್ನೇ ಬದಲಿಸಿ. ಹಿಂಬದಿಯಲ್ಲಿ ಮಾಡ್ಯೂಲ್ ಹಾಕುವ ಗೂಡು ನಿಮ್ಮ ಟ್ರಾನ್ಸ್‌ಮಿಟರ್‌ನಲ್ಲಿದ್ದರೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ದೂರವ್ಯಾಪ್ತಿಯ ರೇಡಿಯೊ ವ್ಯವಸ್ಥೆ ಹಾಕಿ. ಇದರ 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಪ್ಯಾಕೆಟ್ ದರ (ಸೆಕೆಂಡಿಗೆ ಎಷ್ಟು ಬಾರಿ ಆದೇಶ ಕಳಿಸುತ್ತದೆ ಎಂಬುದು) 500 ಹರ್ಟ್ಸ್ ಇಟ್ಟರೆ ರಿಸೀವರ್‌ನ ಗ್ರಹಣ ಮಿತಿ, ಅಂದರೆ ಅದು ಹಿಡಿಯಬಲ್ಲ ಅತಿ ದುರ್ಬಲ ಸಿಗ್ನಲ್, ಮೈನಸ್ 105 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್), 50 ಹರ್ಟ್ಸ್‌ಗೆ ಇಳಿಸಿದರೆ ಮೈನಸ್ 115. ಈ 10 ಡೆಸಿಬೆಲ್ ಶಕ್ತಿಯನ್ನು ಹತ್ತು ಪಟ್ಟು ಮಾಡಿದ್ದಕ್ಕೆ ಸಮ, ದೂರ ಮೂರು ಪಟ್ಟು, ಅದೂ ಒಂದು ಮಿಲಿವ್ಯಾಟ್ ಹೆಚ್ಚಿಸದೆ. ರೇಸಿಂಗ್ ಡ್ರೋನ್‌ಗೆ ವೇಗದ ದರ ಬೇಕು, ನಿಧಾನವಾಗಿ ಹಾರುವ ವಿಮಾನಕ್ಕೆ 50 ಧಾರಾಳ. ಎರಡೂ ಕಡೆ ಫರ್ಮ್‌ವೇರ್‌ನ (ಸಾಧನದೊಳಗಿನ ತಂತ್ರಾಂಶ) ಮುಖ್ಯ ಆವೃತ್ತಿ ಒಂದೇ ಇರಬೇಕು, ಇಲ್ಲದಿದ್ದರೆ ಬೈಂಡ್ ಆಗುವುದಿಲ್ಲ, ಅಂದರೆ ಒಂದಕ್ಕೊಂದು ಜೋಡಿಯಾಗುವುದಿಲ್ಲ.

ಮಾಡ್ಯೂಲಿಗೆ ಆಂಟೆನಾ ಸಿಕ್ಕಿಸುವಾಗ ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ತಿರುಪು ಕನೆಕ್ಟರ್‌ಗಳನ್ನು ಬೆರೆಸಬೇಡಿ. ತಿರುಪು ಸಲೀಸಾಗಿ ಕೂರುತ್ತದೆ, ಆದರೆ ಒಳಗೆ ಎರಡೂ ಕಡೆ ತೂತು ಬಂದು ನಡುವಿನ ಸೂಜಿಯೇ ಇರುವುದಿಲ್ಲ. ಅದು ಆಂಟೆನಾ ಇಲ್ಲದೆ ಆನ್ ಮಾಡಿದಂತೆ: ಶಕ್ತಿ ಹೊರಹೋಗದೆ ಹಿಂದಿರುಗಿ ಔಟ್‌ಪುಟ್ ಹಂತವನ್ನು ಸುಡಬಹುದು. 8 ಡಿಬಿಐ ಗಳಿಕೆಯಂಥ ಪ್ಯಾಚ್ ಆಂಟೆನಾ (ಒಂದೇ ಕಡೆಗೆ ಸಿಗ್ನಲ್ ಬೀರುವ ಚಪ್ಪಟೆ ಆಂಟೆನಾ) ಸ್ಟ್ಯಾಂಡಿನ ಮೇಲಿಟ್ಟು ಒಂದೇ ದಿಕ್ಕಿಗೆ ಹಾರಿಸುವವರಿಗೆ ಸರಿ, ತಲೆಯ ಮೇಲೆ ಸುತ್ತು ಹೊಡೆಸುವವರಿಗೆ ಬೇಡ. ಹಾಕುವುದಾದರೆ ಕೇಬಲ್ ಗಿಡ್ಡ ಇರಲಿ, ತೆಳ್ಳಗಿನ ಆರ್‌ಜಿ-174 ಒಂದು ಮೀಟರಿಗೇ ಸುಮಾರು 2 ಡೆಸಿಬೆಲ್ ತಿನ್ನುತ್ತದೆ.

ಬದಲಾವಣೆ ಆದಮೇಲೆ ನೇರ ಹಾರಿಸಬೇಡಿ. ಟ್ರಾನ್ಸ್‌ಮಿಟರನ್ನು ರೇಂಜ್ ಚೆಕ್ ಸ್ಥಿತಿಗೆ (ಶಕ್ತಿ ತಗ್ಗಿಸಿ ಹತ್ತಿರದಲ್ಲೇ ವ್ಯಾಪ್ತಿ ಪರೀಕ್ಷಿಸುವ ಸ್ಥಿತಿ) ತನ್ನಿ, ಕೈಪಿಡಿ ಹೇಳುವಷ್ಟು ದೂರ ನಿಲ್ಲಿ, ಹಲವು ವ್ಯವಸ್ಥೆಗಳಲ್ಲಿ ಅದು 30 ಮೀಟರ್ ಆಸುಪಾಸು. ಇನ್ನೊಬ್ಬರು ಪ್ರೊಪೆಲ್ಲರ್‌ನಿಂದ ದೂರ ಕೈಯಿಟ್ಟು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು, ಬಾಲ, ಎರಡೂ ರೆಕ್ಕೆ, ಹೊಟ್ಟೆ ಹೀಗೆ ಎಲ್ಲ ದಿಕ್ಕಿಗೂ ತಿರುಗಿಸಲಿ, ಮೊದಲು ಮೋಟಾರ್ ನಿಲ್ಲಿಸಿ, ಆಮೇಲೆ ಓಡಿಸಿ. ಮೋಟಾರ್ ಓಡುವಾಗ ಮಾತ್ರ ಸಿಗ್ನಲ್ ಕುಸಿದರೆ ಆಂಟೆನಾ ಇನ್ನೂ ವಿದ್ಯುತ್ ತಂತಿಗೆ ಹತ್ತಿರವಿದೆ ಎಂದರ್ಥ. ಹಾರಿಸುವಾಗ ಟೆಲಿಮೆಟ್ರಿಯ ಎಚ್ಚರಿಕೆಯನ್ನು ಗ್ರಹಣ ಮಿತಿಗಿಂತ 10 ಡೆಸಿಬೆಲ್ ಮೊದಲೇ ಕೂಗುವಂತೆ ಇಡಿ, ಅಂದರೆ 50 ಹರ್ಟ್ಸ್‌ಗೆ ಮೈನಸ್ 105. ಕೂಗಿದೊಡನೆ ಹಿಂದಕ್ಕೆ ತಿರುಗಿಸಿ.

ಫೇಲ್‌ಸೇಫ್‌ನಲ್ಲಿ, ಅಂದರೆ ಸಿಗ್ನಲ್ ಕಡಿದಾಗ ರಿಸೀವರ್ ತಾನೇ ಅನುಸರಿಸುವ ವ್ಯವಸ್ಥೆಯಲ್ಲಿ, ಥ್ರಾಟಲ್ (ಮೋಟಾರಿಗೆ ಕೊಡುವ ಶಕ್ತಿ) ಪೂರ್ತಿ ಶೂನ್ಯ ಇರಲಿ. ಪ್ರೊಪೆಲ್ಲರ್ ಕಳಚಿ, ಮೋಟಾರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಲ್ಲದಿದ್ದರೆ ಅದನ್ನು ಸರಿಪಡಿಸುವವರೆಗೆ ವಿಮಾನ ಮೇಲೇರಬಾರದು.