ಒಬ್ಬ ಕದ್ದ, ಏಳು ಮಂದಿ ತಲೆ ತಗ್ಗಿಸಿದರು
(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆ ಕೇಳಿ ಬಂದ ಸಲಹಾರ್ಥಿಗೆ 46 ವರ್ಷ, ಸಣ್ಣ ಉದ್ಯಮವೊಂದರ ಮಾಲೀಕರು. ಒಂಬತ್ತು ವರ್ಷ ಜತೆಗಿದ್ದ ಲೆಕ್ಕಿಗ ಸುಳ್ಳು ವೋಚರ್ ಬರೆದು ಹಣ ಎತ್ತಿದ್ದು ಬಯಲಾದ ಮೇಲೆ ಅವರ ನಿದ್ದೆ ಕೆಟ್ಟಿತ್ತು. ಉಳಿದ ಏಳು ನೌಕರರ ಚೀಲ ತಪಾಸಣೆ, ದಿನಕ್ಕೆ ಮೂರು ಸಲ ನಗದು ಎಣಿಕೆ, ಕೊನೆಗೆ ಸ್ವಂತ ಮಗಳ ಮೇಲೂ ಅನುಮಾನ. ಅವರು ಕೇಳಿದ್ದು ಎರಡು ಪ್ರಶ್ನೆ: ಜನರೆಲ್ಲ ಒಳಗೊಳಗೆ ಕಳ್ಳರೇ ಅಲ್ಲವೇ? ಅಳುತ್ತಾ ಕ್ಷಮೆ ಕೇಳುತ್ತಿರುವ ಲೆಕ್ಕಿಗನನ್ನು ಬಿಟ್ಟುಬಿಡಲೇ?

ಮೊದಲನೆಯದಕ್ಕೆ ಸಮಾಧಾನ ಹೇಳಲಿಲ್ಲ. ಪೆಟ್ಟು ತಿಂದವರಿಗೆ ಅದು ಅವಮಾನದಂತೆ ಕೇಳಿಸುತ್ತದೆ. ಬದಲಿಗೆ 2019ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ವಿವರಿಸಲಾಯಿತು. 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ಬಿದ್ದು ಸಿಕ್ಕಿತು’ ಎಂದು ಕೌಂಟರುಗಳಲ್ಲಿ ಕೊಟ್ಟು ನೋಡಿದ್ದರು. ಹಣವಿಲ್ಲದ ಪರ್ಸು ಸಿಕ್ಕವರಲ್ಲಿ ಶೇ. 40ರಷ್ಟು ಮಂದಿ ವಾರಸುದಾರರನ್ನು ಸಂಪರ್ಕಿಸಿದರು, ಹಣವಿದ್ದಾಗ ಶೇ. 51. ಸಲಹಾರ್ಥಿಯ ಊಹೆ ಇದಕ್ಕೆ ತೀರಾ ವಿರುದ್ಧವಾಗಿತ್ತು. ಎಲ್ಲರೂ ಪ್ರಾಮಾಣಿಕರೆಂದು ಇದರಿಂದ ಹೇಳಲಾಗದು, ಹಾಗೆ ಹೇಳಲೂ ಇಲ್ಲ. ಆದರೆ ಅನುಮಾನಕ್ಕೆ ಒಂದು ದೋಷವಿದೆ: ನಂಬಿ ಮೋಸಹೋದರೆ ಇಂದಲ್ಲ ನಾಳೆ ಗೊತ್ತಾಗುತ್ತದೆ, ನಂಬದೆ ದೂರ ಇಟ್ಟವನು ಒಳ್ಳೆಯವನಾಗಿದ್ದನೇ ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ.

ಅದಕ್ಕೆ ನಾಲ್ಕು ವಾರ ನೋಟ್‌ಬುಕ್‌ನಲ್ಲಿ ಮೂರು ವಿಷಯ ಬರೆಯಲು ಹೇಳಲಾಯಿತು: ವಹಿಸಿದ ಕೆಲಸ, ಮೋಸವಾಗುವ ಸಾಧ್ಯತೆ ನೂರಕ್ಕೆ ಎಷ್ಟು, ನಿಜಕ್ಕೂ ನಡೆದದ್ದು. ಕೆಟ್ಟರೂ ತಡೆದುಕೊಳ್ಳಬಹುದಾದ ಸಣ್ಣ ಕೆಲಸಗಳಿಂದಲೇ ಶುರು. ಊಹೆಯನ್ನು ಮುಂಚೆಯೇ ಪೆನ್ನಿನಲ್ಲಿ ಬರೆಯಬೇಕು. ಆಮೇಲೆ ಬರೆದರೆ ‘ನನಗೆ ಗೊತ್ತಿತ್ತು’ ಎಂದು ನೆನಪು ಮೋಸ ಮಾಡುತ್ತದೆ.

ಮೊದಲ ವಾರವೇ ಎಡವಟ್ಟಾಯಿತು. ಮೇಜಿನ ಮೇಲೆ ನೋಟು ಬಿಟ್ಟು ಕ್ಯಾಮೆರಾದಲ್ಲಿ ನೋಡುತ್ತಾ ಕುಳಿತರು. ಯಾರೂ ಮುಟ್ಟಲಿಲ್ಲ, ಆದರೂ ಮನಸ್ಸು ‘ಕ್ಯಾಮೆರಾ ಇತ್ತಲ್ಲ’ ಎಂದಿತು. ಬಲೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಲಾಯಿತು. ಮುಂದಿನ ಮೂರು ವಾರಗಳ 26 ನಮೂದುಗಳಲ್ಲಿ ಮೋಸ ಒಂದೂ ಇರಲಿಲ್ಲ. ಒಂದು ಕೂಡಿಸುವ ತಪ್ಪು ಮಾತ್ರ. ಚೀಲ ತಪಾಸಣೆ ಹೋಗಿ ಮಾಲೀಕರಿಗೂ ಅನ್ವಯಿಸುವ ಕ್ರಮ ಬಂತು: ವೋಚರ್ ಬರೆದವರು ಹಣ ಕೊಡುವಂತಿಲ್ಲ, ತಿಂಗಳಿಗೊಮ್ಮೆ ಮೂರನೆಯವರು ಬ್ಯಾಂಕ್ ಲೆಕ್ಕದೊಂದಿಗೆ ತಾಳೆ ನೋಡಬೇಕು.

ಲೆಕ್ಕಿಗನ ವಿಷಯದಲ್ಲಿ ಕ್ಷಮೆ, ಹಣ, ಹುದ್ದೆ, ದೂರು ಈ ನಾಲ್ಕನ್ನೂ ಬೇರೆಬೇರೆಯಾಗಿ ನಿರ್ಧರಿಸಲು ಹೇಳಲಾಯಿತು. ಕರುಣೆಯಿಂದ ಹಣ ಮರಳಿಸುವ ಕಂತಿನ ಗಾತ್ರ ಇಳಿಸಬಹುದು, ತಿಜೋರಿಯ ಕೀಲಿ ಮರಳಿಸಬೇಕಿಲ್ಲ. ‘ಹಣ ಕೊಡದಿದ್ದರೆ ದೂರು’ ಎಂದು ಬೆದರಿಸಿದರೆ ತಾವೇ ಕಾನೂನಿನ ತೊಡಕಿಗೆ ಸಿಲುಕಬಹುದು. ವಕೀಲರನ್ನು ಕೇಳಿಯೇ ಮುಂದಿನ ಹೆಜ್ಜೆ.

ನ್ಯಾಯದ ಮಾತೆಲ್ಲ ಕದ್ದವನ ಸುತ್ತಲೇ ತಿರುಗುತ್ತಿತ್ತು. ಏನೂ ಮಾಡದೆ ಚೀಲ ಬಿಚ್ಚಿ ತೋರಿಸಿದ ಏಳು ಮಂದಿಗೆ ಸಲ್ಲಬೇಕಾದದ್ದು ನೆನಪಾಗಿರಲಿಲ್ಲ. ಅವರನ್ನು ಒಟ್ಟಿಗೆ ಕೂರಿಸಿ ‘ನಿಮ್ಮನ್ನು ಅನುಮಾನಿಸಿದ್ದು ನನ್ನ ತಪ್ಪು’ ಎಂದಷ್ಟೇ ಹೇಳಿ, ‘ಆದರೆ’ ಎಂದು ಮುಂದುವರಿಸದೆ ನಿಲ್ಲಿಸಬೇಕೆಂದು ಸೂಚಿಸಲಾಯಿತು. ಆರನೇ ಭೇಟಿಗೆ ಮುಂಚೆ ಹೇಳಿ ಬಂದರು. ಮಗಳ ಹತ್ತಿರ ಆ ಮಾತು ಇನ್ನೂ ಆಗಿಲ್ಲ. ಮುಂದಿನ ಭೇಟಿ ಅದಕ್ಕೆಂದೇ ಇದೆ.